ಒಣದ್ರಾಕ್ಷಿ ಕುದಿಸದ ಶನಿವಾರ

ಕ್ರೈಸ್ತ ಧರ್ಮದ ಎರಡು ಸಾವಿರ ವರ್ಷಗಳನ್ನು ನನ್ನ ತಮ್ಮ ಆರು ಭಾನುವಾರಗಳಲ್ಲಿ ಹೇಳಿ ಮುಗಿಸಬೇಕೆಂದು ಹೊರಟಿದ್ದ. ನಾಲ್ಕಕ್ಕೆ ನಿಂತುಹೋಯಿತು. ನಿಲ್ಲಿಸಿದವಳು ನಾನು. ಅದು ನಮ್ಮ ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮೂರು ವರ್ಷ ಅವನಿಗೂ ಗೊತ್ತಾಗಲಿಲ್ಲ.

ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ. ತಮ್ಮ ಓದಲಿ ಎಂದು ಅಕ್ಕ ಶಾಲೆ ಬಿಟ್ಟಳು ಎಂದು ನಮ್ಮ ಬಂಧುಗಳು ಹೇಳುವುದುಂಟು. ಅವರು ಹಾಗೆ ಹೇಳುವಾಗ ನಾನು ತಲೆ ತಗ್ಗಿಸಿ, ಸೆರಗಿನ ತುದಿ ನೋಡುತ್ತಾ ಕೂರುತ್ತೇನೆ. ನಿಜವೆಂದರೆ ಲೆಕ್ಕದಲ್ಲಿ ಎರಡು ಸಲ ಫೇಲಾಗಿದ್ದೆ, ಮೂರನೆಯ ಸಲ ಬರೆಯಲು ನನಗೇ ಮನಸ್ಸಿರಲಿಲ್ಲ. ತಪ್ಪು ಒಪ್ಪಿಕೊಳ್ಳಲು ಕೂತಿದ್ದೇನಲ್ಲ, ಕೈ ಪಳಗಲಿ ಎಂದು ಚಿಕ್ಕದನ್ನು ಮೊದಲು ಬರೆದೆ.

ನಾವು ಮಂಗಳೂರಿನ ಕಡೆಯ ಪ್ರಾಟೆಸ್ಟಂಟರು. ಮದುವೆಯಾಗಿ ಬರ್ಮಿಂಗ್‌ಹ್ಯಾಮಿಗೆ ಬಂದ ನಾನು ವೃದ್ಧರ ಕೇರ್ ಹೋಮೊಂದರ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಆಮೇಲೆ ಓದಲು ಬಂದ ತಮ್ಮ ಇಲ್ಲಿಯೇ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಇಬ್ಬರೂ ಒಂದೇ ಕನ್ನಡ ಕ್ರೈಸ್ತರ ಸಭೆಗೆ ಹೋಗುತ್ತೇವೆ. ಅದು ಕೂಡುವುದು ಒಂದು ಹಳೆಯ ಕಲ್ಲಿನ ಚರ್ಚಿನಲ್ಲಿ, ಭಾನುವಾರ ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ಅಲ್ಲಿ ಇಂಗ್ಲಿಷರ ಆರಾಧನೆ. ನಾನೂರು ಜನ ಹಿಡಿಯುವ ಬೆಂಚುಗಳಲ್ಲಿ ಹನ್ನೆರಡೋ ಹದಿಮೂರೋ ತಲೆ, ಎಲ್ಲವೂ ನರೆತವು. ಜಾಗ ಖಾಲಿ ಕಾಣಬಾರದೆಂದು ಒಬ್ಬರಿಗೊಬ್ಬರು ದೂರದೂರ ಕೂರುತ್ತಾರೆ. ಇವರ ಮುತ್ತಜ್ಜಂದಿರ ಕಾಲದಲ್ಲಿ ಹಡಗು ಹತ್ತಿ ನಮ್ಮ ಕಡೆಗೆ ಬಂದ ಧರ್ಮ, ವಿಮಾನದಲ್ಲಿ ವಾಪಸು ಬಂದು ಇವರ ಹತ್ತಿರವೇ ಬಾಡಿಗೆಗೆ ಕೂತಿದೆ. ಹೋಗುವಾಗ ನೆಲ ಗುಡಿಸಿ ಹೀಟಿಂಗ್ ಆರಿಸಿ ಹೋಗಬೇಕು ಎಂಬ ಷರತ್ತಿನ ಮೇಲೆ.

ತಮ್ಮ ಆ ದಿನಗಳಲ್ಲಿ ಸಭೆಯ ಕಾರ್ಯದರ್ಶಿ. ನಮ್ಮ ಮಕ್ಕಳಿಗೆ ತಾವು ಎಲ್ಲಿಂದ ಬಂದವರೆಂದು ಗೊತ್ತಿಲ್ಲ, ಆರಾಧನೆ ಮುಗಿದು ಚಹಾ ಆದ ಮೇಲೆ ಅರ್ಧ ಗಂಟೆ ಕ್ರೈಸ್ತ ಇತಿಹಾಸದ ಮುಖ್ಯ ತಿರುವುಗಳನ್ನು ಹೇಳುತ್ತೇನೆ ಎಂದ. ಮನೆಯಿಂದ ಶುರು ಮಾಡಿ ಹಿಂದಕ್ಕೆ ಹೋಗೋಣ, ಕೊನೆಯ ವಾರ ಕರ್ತನು ಶಿಷ್ಯರೊಡನೆ ಉಂಡ ಮೊದಲನೆಯ ಮೇಜಿಗೆ ಹೋಗಿ ಮುಟ್ಟೋಣ ಎಂಬುದು ಅವನ ಯೋಜನೆ. ಮಕ್ಕಳು ಫೋನ್ ನೋಡಿಕೊಂಡು ಕೂತವು. ದೊಡ್ಡವರು ಸಮೋಸ ಹಿಡಿದು ಕೂತರು.

ಮೊದಲನೆಯ ವಾರ ನಮ್ಮ ಕರಾವಳಿ. ಜರ್ಮನ್ ಪಾದ್ರಿಗಳು ಬಂದರು, ಅಚ್ಚುಕೂಟ ತಂದರು, ನೇಯ್ಗೆ ತಂದರು, ಹೆಂಚಿನ ಕಾರ್ಖಾನೆ ಕಟ್ಟಿದರು ಎಂದ. ಆ ಕಾರ್ಖಾನೆಯಲ್ಲಿ ಮಣ್ಣು ತುಳಿದು ತುಳಿದು ನಮ್ಮ ಅಜ್ಜನ ಹಿಮ್ಮಡಿ ಬಿರಿದದ್ದನ್ನು ಹೇಳಲಿಲ್ಲ. ಕೇಳಿದರೆ ಅದು ತಿರುವು ಅಲ್ಲವಂತೆ, ಬರೀ ಅಜ್ಜನ ಕಾಲಂತೆ. ಎರಡನೆಯ ವಾರ ಇಂಗ್ಲೆಂಡಿನ ದೊರೆ. ಅವನಿಗೆ ಹೆಂಡತಿಯನ್ನು ಬಿಡಬೇಕಾಗಿತ್ತು, ರೋಮಿನವರು ಒಪ್ಪಲಿಲ್ಲ, ಅಷ್ಟಕ್ಕೆ ಒಂದು ದೇಶದ ಚರ್ಚೇ ಬೇರೆಯಾಯಿತು. ಉಳಿದವರ ಮನೆಯಲ್ಲಿ ಹೀಗಾದರೆ ಒಲೆ ಬೇರೆಯಾಗುತ್ತದೆ, ಅಷ್ಟೆ. ಮೂರನೆಯ ವಾರ ಜರ್ಮನಿಯ ಸನ್ಯಾಸಿ. ಪಾಪಕ್ಷಮೆಯ ಚೀಟಿ ಮಾರುವುದು ತಪ್ಪೆಂದು ಬರೆದು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದನಂತೆ. ಆ ಅಭ್ಯಾಸ ನಮ್ಮ ಚರ್ಚಿನಲ್ಲಿ ಇನ್ನೂ ಉಳಿದಿದೆ. ಇಂಗ್ಲಿಷರ ಕಡೆಯಿಂದ ಬೀಗದ ಕೈ ನೋಡಿಕೊಳ್ಳುವ ಒಬ್ಬ ಮುದುಕಿ ಇದ್ದಾರೆ. ಅಡಿಗೆಮನೆಯ ಒಂದೊಂದು ಕಪಾಟಿಗೂ ಅವರದೊಂದು ಚೀಟಿ. ದಯವಿಟ್ಟು ಈ ಬಾಗಿಲು ಮುಚ್ಚಿ. ದಯವಿಟ್ಟು ಟೀ ಟವಲನ್ನು ಮನೆಗೆ ಒಯ್ಯಬೇಡಿ. ಮೊಳೆಯ ಬದಲು ಟೇಪು, ವ್ಯತ್ಯಾಸ ಇಷ್ಟೇ.

ನಾಲ್ಕನೆಯ ವಾರ ಪೂರ್ವದ ಸಭೆ, ಪಶ್ಚಿಮದ ಸಭೆ. ರೋಮಿನವರು, ಕಾನ್‌ಸ್ಟಾಂಟಿನೋಪಲಿನವರು ಜಗಳವಾಡಿಕೊಂಡು ಬೇರೆಯಾದ ಕಥೆ. ಅಧಿಕಾರ ಯಾರದು, ನಂಬಿಕೆಯ ಪ್ರಮಾಣದಲ್ಲಿ ಯಾವ ಮಾತು ಸೇರಬೇಕು, ಹೀಗೆ ಕಾರಣ ಹಲವು ಇದ್ದವಂತೆ. ಅದರಲ್ಲಿ ಒಂದು, ಕರ್ತನ ಭೋಜನದ ರೊಟ್ಟಿ, ಆತನ ಕಡೆಯ ಊಟದ ನೆನಪಿಗೆ ದ್ರಾಕ್ಷಾರಸದ ಜೊತೆ ಸಭೆಗೆ ಹಂಚುವುದು. ಪೂರ್ವದವರು ಹಿಟ್ಟಿಗೆ ಹುಳಿ ಹಾಕಿ ಉಬ್ಬಿಸುತ್ತಿದ್ದರು, ಪಶ್ಚಿಮದವರು ಹಾಕುತ್ತಿರಲಿಲ್ಲ. ನಾನು ಸಮೋಸದ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಇಷ್ಟು ಹೊತ್ತಿಗೆ ನನಗೆ ತಿಳಿದ ವಿಷಯ ಒಂದಾದರೂ ಬಂತಲ್ಲ ಎಂದು ಖುಷಿಯಾಯಿತು.

"ಹಿಟ್ಟು ಕಲಸಿದವರ ಹತ್ರ ಯಾರಾದ್ರೂ ಕೇಳಿದ್ರಾ ಮಾರಾಯ?" ಎಂದೆ. "ಯಾಕೆ ಹೇಳಿದ್ರೆ..."

ನಗು ಎದ್ದಿತು. ಅದು ಕೆಟ್ಟ ನಗುವೇನಲ್ಲ. ಆದರೆ ತಮ್ಮ ನಗಲಿಲ್ಲ. ಕನ್ನಡಕ ಮೇಲೆ ಸರಿಸಿ, "ಅಕ್ಕ, ನೀನು ಒಳಗೆ ಅಡಿಗೆಮನೆ ನೋಡು. ಇದು ಬೇರೆ ವಿಷಯ" ಎಂದ.

ಅಡಿಗೆಮನೆ ನೋಡಿದೆ. ಮೂವತ್ತೆಂಟು ಕಪ್ಪು ತೊಳೆದೆ. ಅವನಿಗೆ ನಡೆಯಲು ಕಲಿಸಿದವಳು, ಮೂಗು ಒರೆಸಿದವಳು ಎಂದೆಲ್ಲ ನೆನಪಿಗೆ ತಂದುಕೊಂಡು ಕೋಪಕ್ಕೆ ಚೆನ್ನಾಗಿ ಸೌದೆ ಹಾಕಿದೆ.

ಮುಂದಿನ ಭಾನುವಾರ ತಿಂಗಳ ಮೊದಲನೆಯದು, ಕರ್ತನ ಭೋಜನದ ದಿನ. ನಮ್ಮಲ್ಲಿ ದ್ರಾಕ್ಷಾರಸ ಕುದಿಸಿ ತರುವ ಕೆಲಸ ನನ್ನದು. ಅಂಗಡಿಯ ವೈನ್ ಆಗುವುದಿಲ್ಲ. ಸಭೆಯ ಅರ್ಧ ಜನಕ್ಕೆ ಮದ್ಯ ವರ್ಜ್ಯ, ಉಳಿದ ಅರ್ಧಕ್ಕೆ ಚರ್ಚಿನೊಳಗೆ ಮಾತ್ರ ವರ್ಜ್ಯ. ಅಮ್ಮ ಊರಿನಲ್ಲಿ ಮಾಡುತ್ತಿದ್ದ ಕ್ರಮದಲ್ಲಿಯೇ ಮಾಡುತ್ತೇನೆ. ಶುಕ್ರವಾರ ಕಪ್ಪು ಒಣದ್ರಾಕ್ಷಿ ನೆನೆಹಾಕುವುದು, ಶನಿವಾರ ಸಣ್ಣ ಉರಿಯಲ್ಲಿ ಮೂರು ಗಂಟೆ ಕುದಿಸುವುದು, ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸುವುದು. ಹನ್ನೊಂದು ವರ್ಷ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಆ ಶುಕ್ರವಾರ ನೆನೆಹಾಕಿದೆ. ಶನಿವಾರ ಪಾತ್ರೆ ಒಲೆಯ ಮೇಲಿಟ್ಟೆ. ಒಲೆ ಹಚ್ಚಲಿಲ್ಲ. ಇತಿಹಾಸ ಗೊತ್ತಿರುವವರು ಕುದಿಸಲಿ ಎಂದು ಸೋಫಾದ ಮೇಲೆ ಕೂತು ಟಿವಿ ನೋಡಿದೆ.

ಭಾನುವಾರ ಬೆಳಿಗ್ಗೆ ಕೇರ್ ಹೋಮಿನ ರೋಟಾದಲ್ಲಿ ನನ್ನ ಪಾಳಿ. ಮುಗಿಸಿ ಬಸ್ಸಿನಲ್ಲಿ ಚರ್ಚಿಗೆ ಹೊರಟೆ. ದಾರಿಯಲ್ಲಿ ದೊಡ್ಡ ಅಂಗಡಿ ಇತ್ತು, ಅಲ್ಲಿ ದ್ರಾಕ್ಷಿ ಜ್ಯೂಸ್ ಸಿಗುತ್ತಿತ್ತು. ಇಳಿಯಬೇಕು ಎಂದುಕೊಂಡೆ. ಇಳಿಯಲಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಒಂದು ಮಹಾ ಒಡಕಿಗೆ ಕಾರಣ ಇಷ್ಟು ಸಣ್ಣದಿರಬಹುದೆಂದು ಯಾವ ಇತಿಹಾಸಕಾರನೂ ಬರೆಯುವುದಿಲ್ಲ.

ಚರ್ಚಿನ ಅಡಿಗೆಮನೆಯಲ್ಲಿ ಪುಟ್ಟ ಗಾಜಿನ ಬಟ್ಟಲುಗಳ ಟ್ರೇ ಖಾಲಿ ಕೂತಿತ್ತು. ಹೊರಗೆ ಕೀರ್ತನೆ ಶುರುವಾಗಿತ್ತು. ಕಪಾಟು ತೆರೆದೆ. ಮಂಗಳವಾರದ ಆಟದ ಗುಂಪಿಗೆ ಬರುವ ಪುಟಾಣಿಗಳಿಗೆಂದು ಇಂಗ್ಲಿಷರು ಇಟ್ಟಿದ್ದ ಸ್ಕ್ವಾಶ್ ಬಾಟಲಿ ಇತ್ತು. ಸ್ಕ್ವಾಶ್ ಎಂದರೆ ನೀರು ಬೆರೆಸಿ ಕುಡಿಯುವ ಶರಬತ್ತು. ಇಲ್ಲಿ ಬೆಳೆದ ಮಕ್ಕಳ ಮೈಯಲ್ಲಿ ರಕ್ತದಷ್ಟೇ ಅದೂ ಹರಿಯುತ್ತದೆ. ಈ ಬಾಟಲಿ ಬ್ಲ್ಯಾಕ್‌ಕರಂಟ್ ಹಣ್ಣಿನದು. ಬಣ್ಣ ಥೇಟು ನಮ್ಮ ರಸದ್ದೇ. ಪುಟಾಣಿಗಳಿಗೆ ಒಂದಕ್ಕೆ ನಾಲ್ಕು ನೀರು ಹಾಕುತ್ತಾರೆ. ಕರ್ತನ ಮೇಜಿಗೆ ಹೋಗುವುದಲ್ಲವೇ ಎಂದು ನಾನು ಒಂದಕ್ಕೆ ಎರಡೇ ಹಾಕಿದೆ. ನನಗೂ ದೇವರ ಭಯ ಇದೆ.

ಬಟ್ಟಲುಗಳು ಬೆಂಚಿನಿಂದ ಬೆಂಚಿಗೆ ಹೋದವು. ಹಿರಿಯರು ಕಣ್ಣು ಮುಚ್ಚಿ ಕುಡಿದರು. ತಮ್ಮ ಕುಡಿದ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಆ ದಿನ ಮೊದಲ ಸಲ ಮೇಜಿಗೆ ಬಂದವಳು ಒಬ್ಬಳಿದ್ದಳು. ಗದಗ ಕಡೆಯವರ ಮಗಳು, ಹದಿನೈದು ವರ್ಷ, ಇಲ್ಲಿಯೇ ಹುಟ್ಟಿದವಳು, ಹಿಂದಿನ ವಾರವಷ್ಟೇ ದೃಢೀಕರಣ ಆಗಿ ಮೇಜಿಗೆ ಬರುವ ಹಕ್ಕು ಸಿಕ್ಕಿತ್ತು. ಬಿಳಿ ಫ್ರಾಕು ಹಾಕಿಕೊಂಡು ಬಟ್ಟಲು ಬಾಯಿಗಿಟ್ಟಳು, ಹುಬ್ಬು ಏರಿಸಿದಳು. ಇಡೀ ಚರ್ಚಿಗೆ ಕೇಳುವ ಹಾಗೆ ಅಪ್ಪನನ್ನು ಕೇಳಿದಳು:

"ಡ್ಯಾಡ್, ವೈ ಇಸ್ ಇಟ್ ಸ್ಕ್ವಾಶ್?"

ಅವತ್ತು ತಮ್ಮನ ಭಾಷಣ ನಡೆಯಲಿಲ್ಲ. ಚಹಾದ ಬದಲು ಸಭೆ ಕೂಡಿತು. ಭೋಜನ ಕೊಡಲು ಲೆಸ್ಟರಿನಿಂದ ಬಂದಿದ್ದ ಸಭಾಪಾಲಕರು ರೈಲಿಗೆ ಹೊತ್ತಾಯಿತೆಂದು ನೆನಪಿಸಿಕೊಂಡು ಹೋದರು. ತಮ್ಮ ಎದ್ದು ನಿಂತ.

"ನನ್ನ ಅಕ್ಕ ಮೂರು ಗಂಟೆ ನಿಂತು ಕುದಿಸ್ತಾಳೆ. ಕುಡಿದ ಕೂಡ್ಲೇ ನಂಗೆ ನಮ್ಮಮ್ಮನ ಕೈ ರುಚಿ ಬಂತು. ಅಮ್ಮ ಮಾಡಿದ್ದೇ ರುಚಿ. ಹೌದಾ ಅಲ್ವಾ ಅಕ್ಕ?"

ಎಲ್ಲರೂ ನನ್ನ ಕಡೆ ತಿರುಗಿದರು. ಇಲ್ಲ ಎನ್ನಲು ಅದೊಂದು ಗಳಿಗೆ ಇತ್ತು.

"ಹೌದು" ಎಂದೆ.

"ಹಂಗಾದ್ರ ನನ್ನ ಮಗಳು ಸುಳ್ಳ ಹೇಳಾಕತ್ತಾಳೇನ್ರೀ?" ಎಂದರು ಹುಡುಗಿಯ ಅಪ್ಪ.

"ಸುಳ್ಳು ಅಂತ ನಾನು ಹೇಳ್ಲಿಲ್ಲ. ಮಕ್ಕಳು. ಮೇಜಿನ ಮರ್ಯಾದೆ ಗೊತ್ತಿಲ್ಲ. ಸಾರಿ ಅಂತ ಕೇಳಿದ್ರೆ ಮುಗೀತು."

"ಆಕಿ ಯಾಕ ಸಾರಿ ಕೇಳಬೇಕ್ರೀ? ಆಕಿ ನಾಲಿಗಿ ಆಕಿದು!"

ಹುಡುಗಿ ಅಳಲಿಲ್ಲ. "ಬಟ್ ಇಟ್ ವಾಸ್" ಎಂದಷ್ಟೇ ಹೇಳಿ ಕೋಟು ಹಾಕಿಕೊಂಡಳು.

ಅಲ್ಲಿಂದ ಮುಂದಿನದು ಸಲೀಸು. ನೂರಾರು ವರ್ಷ ದೊಡ್ಡದೊಡ್ಡವರು ಅಭ್ಯಾಸ ಮಾಡಿಟ್ಟ ದಾರಿ, ನಮಗೆ ನಡೆಯುವುದಷ್ಟೇ ಕೆಲಸ. ಕರಾವಳಿಯವರು ತಮ್ಮನ ಕಡೆ, ಉತ್ತರ ಕರ್ನಾಟಕದವರು ಹುಡುಗಿಯ ಅಪ್ಪನ ಕಡೆ. ಬೆಂಗಳೂರಿನವರು ಎರಡೂ ಕಡೆ ಫೋನಿನಲ್ಲಿ ಮಾತಾಡಿದರು. ಮೊದಲ ವಾರ ಪ್ರಶ್ನೆ ಬಟ್ಟಲಿನಲ್ಲಿ ಇದ್ದದ್ದು ಏನು ಎಂದಿತ್ತು. ಎರಡನೆಯ ವಾರಕ್ಕೆ ಕಾರ್ಯದರ್ಶಿಯನ್ನು ಆರಿಸಿದ ರೀತಿ ಸರಿಯೇ ಎಂದಾಯಿತು. ನಾಲ್ಕನೆಯ ವಾರಕ್ಕೆ ಯಾರ ಊರಿನ ರಾಗದಲ್ಲಿ ಕೀರ್ತನೆ ಹಾಡಬೇಕು ಎಂಬಲ್ಲಿಗೆ ಬಂತು. ಈಸ್ಟರಿನ ಹೊತ್ತಿಗೆ ಉತ್ತರ ಕರ್ನಾಟಕದವರು ಒಂದು ಶಾಲೆಯ ಹಾಲ್ ಹಿಡಿದು ಬೇರೆಯಾದರು. ಹೊಸ ಬೋರ್ಡು, ಹೊಸ ವಾಟ್ಸಾಪ್ ಗುಂಪು. ಅವರಿಗೂ ಒಬ್ಬ ಅಕ್ಕ ಇರಬೇಕು, ರಸ ಕುದಿಸಲು.

ಉಳಿದ ನಾವು ನಮ್ಮವರೇ ಆದಮೇಲೆ, ನಮ್ಮವರು ತಮ್ಮನ ಮೇಲೆ ತಿರುಗಿದರು. ಅಷ್ಟು ಹಟ ಯಾಕೆ ಹಿಡಿದ, ಒಂದು ಹುಡುಗಿಯ ಮಾತಿಗೆ ಅರ್ಧ ಸಭೆ ಕಳೆದ ಎಂದರು. ತಮ್ಮ ರಾಜೀನಾಮೆ ಕೊಟ್ಟ. ಇತಿಹಾಸದ ನೋಟ್ ಪುಸ್ತಕ ಮುಚ್ಚಿಟ್ಟ. ಕೀರ್ತನೆ ಶುರುವಾದ ಮೇಲೆ ಬಂದು ಕಡೆಯ ಬೆಂಚಿನಲ್ಲಿ ಕೂತು, ಚಹಾಕ್ಕೆ ಮೊದಲೇ ಎದ್ದು ಹೋಗತೊಡಗಿದ. ಮಾತಿನ ಮನುಷ್ಯ ಬಸ್ಸಿನಲ್ಲಿ ಕೂತ ಅಪರಿಚಿತನ ಹಾಗಾದ. ನಾನು ಪ್ರತಿ ತಿಂಗಳೂ ಮೂರು ಗಂಟೆಯಲ್ಲ, ನಾಲ್ಕು ಗಂಟೆ ಕುದಿಸಿದೆ.

ಈ ನಡುವೆ ಕಪಾಟಿನ ಮೇಲೆ ಹೊಸ ಚೀಟಿ ಬಂದಿತ್ತು. ಕೌನ್ಸಿಲ್ ಟ್ಯಾಕ್ಸಿನ ಪತ್ರ ಓದಿ ಓದಿ ಕಲಿತ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದೆ. ಸ್ಕ್ವಾಶ್ ಮುಗಿಸಿದವರು ದಯವಿಟ್ಟು ಬೇರೆ ತಂದಿಡಿ, ಪುಟಾಣಿಗಳಿಗೆ ನಿರಾಸೆಯಾಯಿತು. ಎರಡು ಬಾಟಲಿ ತಂದು ಯಾರೂ ಇಲ್ಲದಾಗ ಇಟ್ಟೆ. ಮರುವಾರ ಇನ್ನೊಂದು ಚೀಟಿ. ಯಾರೇ ಆಗಿರಲಿ, ಧನ್ಯವಾದಗಳು. ಕೆಳಗೆ ಒಂದು ನಗುಮುಖ. ಹೀಗೆ ಮಂಗಳವಾರದ ಪುಟಾಣಿಗಳ ಕಡೆಯಿಂದ ನನಗೆ ಕ್ಷಮೆ ಸಿಕ್ಕಿತು. ಆ ಎರಡು ಚೀಟಿಗಳನ್ನು ನಮ್ಮ ಸಭೆಯವರೆಲ್ಲ ಓದಿದರು. ಸ್ಕ್ವಾಶಿನ ಬಗ್ಗೆ ಜಗಳವಾಡಿ ಒಡೆದ ಸಭೆಯಲ್ಲಿ, ಸ್ಕ್ವಾಶ್ ಹೋದ ಚೀಟಿ ನೋಡಿ ಒಬ್ಬರಿಗೂ ಏನೂ ಹೊಳೆಯಲಿಲ್ಲ. ಜಗಳ ಅಷ್ಟು ಹೊತ್ತಿಗೆ ಬಹಳ ಎತ್ತರಕ್ಕೆ ಹೋಗಿತ್ತು.

ಮೂರು ವರ್ಷ ಕಳೆಯಿತು. ಕಳೆದ ಬೇಸಿಗೆಯಲ್ಲಿ ಚರ್ಚಿನ ಇಂಗ್ಲಿಷ್ ಪಾದ್ರಿಯಮ್ಮ, ಇಲ್ಲಿ ಸೇರುವ ಎಲ್ಲ ಗುಂಪುಗಳ ಚರಿತ್ರೆಯನ್ನೂ ಒಂದೊಂದು ಪುಟ ಬರೆದು ಕೊಡಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ ಎಂದರು. ಬರೆಯಲು ಬರುವವನು ನಮ್ಮಲ್ಲಿ ಒಬ್ಬನೇ. ಹಿರಿಯರು ತಮ್ಮನ ಮನೆಗೆ ಹೋಗಿ ಕೇಳಿಕೊಂಡರು. ಅವನು ಬರೆದು, ಸರಿಯಾಗಿದೆಯೇ ನೋಡು ಎಂದು ನನ್ನ ಮನೆಗೆ ತಂದ. ನಾನು ಬೀನ್ಸ್ ಹೆಚ್ಚುತ್ತಿದ್ದೆ. ಅವನ ದನಿ ಬಹಳ ದಿನದ ಮೇಲೆ ಮೊದಲಿನ ಹಾಗಿತ್ತು. ಸಭೆ ಶುರುವಾದದ್ದು, ಮೊದಲ ಕ್ರಿಸ್ಮಸ್, ಎಲ್ಲ ಓದಿ ಕೆಳಗೆ ಬಂದ.

"ಕರ್ತನ ಭೋಜನದ ವಿಷಯದಲ್ಲಿ ಒಬ್ಬ ಬಾಲಕಿ ಮಾಡಿದ ಸುಳ್ಳು ಆರೋಪದಿಂದ ಸಭೆ ಎರಡಾಯಿತು" ಎಂದು ಓದಿ, "ಎಂತ ಹೇಳ್ತಿ? ತೀರಾ ಖಾರ ಆಯ್ತಾ?" ಎಂದ.

ಈ ಸಾಲು ಗಾಜಿನ ಹಿಂದೆ ಕೂತು, ನಾನು ಸತ್ತ ಮೇಲೂ ಗೋಡೆಯ ಮೇಲೆ ಇರುತ್ತದೆ. ಇತಿಹಾಸ ಎಂದು ಅವನು ಆರು ವಾರಕ್ಕೆ ಹಂಚಿಕೊಂಡಿದ್ದದ್ದು ಹೀಗೇ ತಯಾರಾಯಿತೇನೋ, ಯಾವನೋ ತಮ್ಮ ಬರೆದು ಯಾವಳೋ ಅಕ್ಕ ಬಾಯಿ ಮುಚ್ಚಿಕೊಂಡು.

"ಆ ಸಾಲು ತೆಗಿ" ಎಂದೆ.

"ಯಾಕೆ? ಆದದ್ದಲ್ವಾ?"

"ಆರೋಪ ಹೌದು. ಸುಳ್ಳಲ್ಲ. ಸ್ಕ್ವಾಶೇ ಅದು. ನಾನೇ ಹೊಯ್ದದ್ದು."

ಶನಿವಾರದಿಂದ ಬಸ್ಸಿನ ಕಿಟಕಿಯವರೆಗೆ ಎಲ್ಲ ಹೇಳಿದೆ. ಹೇಳುತ್ತಾ ಬೀನ್ಸ್ ಹೆಚ್ಚುತ್ತಲೇ ಇದ್ದೆ, ನಾಲ್ಕು ದಿನಕ್ಕಾಗುವಷ್ಟು. ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಪೆನ್ನಿಗೆ ಕ್ಯಾಪು ಹಾಕಿದ, ತೆಗೆದ, ಮತ್ತೆ ಹಾಕಿದ.

"ಅಮ್ಮನ ಕೈ ರುಚಿ ಅಂತ ಹೇಳಿದೆನಲ್ಲ ಅಕ್ಕ" ಎಂದ. "ಅಷ್ಟು ಜನರ ಎದುರು."

ಹೆಚ್ಚಿದ ಬೀನ್ಸನ್ನೆಲ್ಲ ಪಾತ್ರೆಗೆ ತುಂಬಿದೆ.

"ಆ ಹುಡುಗಿ ಎಲ್ಲಿ ಈಗ?" ಎಂದು ಬಾಗಿಲ ಬಳಿ ಹೋಗಿ ಕೇಳಿದ.

ಅವಳು ಶೆಫೀಲ್ಡಿನಲ್ಲಿ ಓದಲು ಸೇರಿದ್ದಳು. ಎರಡು ಸಭೆಗಳಲ್ಲಿ ಯಾವುದಕ್ಕೂ ಆಮೇಲೆ ಕಾಲಿಟ್ಟಿರಲಿಲ್ಲ. ತಮ್ಮ ಅವಳ ಅಪ್ಪನಿಗೆ ಫೋನ್ ಮಾಡಿದ. ಮೂರು ವರ್ಷದಲ್ಲಿ ಮೊದಲ ಮಾತು. ಅವರು ಎಲ್ಲ ಕೇಳಿ, "ಆತು ಬಿಡ್ರಿ, ಈಗ ನಮ್ದು ಚಲೋನ ನಡದೈತಿ. ಮೊನ್ನೆ ಹಾಡಿಗೆ ಹೊಸಾ ಕೀಬೋರ್ಡು ತಂದೀವಿ" ಎಂದರಂತೆ. ವಿಳಾಸ ಕೊಟ್ಟರು. ಸಭೆಗಳು ಮತ್ತೆ ಒಂದಾಗುವ ಮಾತನ್ನು ಯಾರೂ ಎತ್ತಲಿಲ್ಲ. ಕಾರಣ ಸತ್ತುಹೋದರೂ ಕೀಬೋರ್ಡು ಬದುಕಿರುತ್ತದಲ್ಲ.

ಮುಂದಿನ ಶನಿವಾರ ಇಬ್ಬರೂ ರೈಲಿನಲ್ಲಿ ಹೋದೆವು. "ಹೇಳುವುದು ನೀನು, ನಾನು ಪಕ್ಕದಲ್ಲಿ ನಿಲ್ತೇನೆ" ಎಂದಿದ್ದ. ಸ್ಟೇಷನ್ನಿನಿಂದ ಟ್ರಾಮ್ ಹತ್ತಿ, ಐದು ಹುಡುಗಿಯರು ಸೇರಿ ಹಿಡಿದ ಒಂದು ಮನೆಗೆ ಹೋದೆವು. ಹುಡುಗಿ ಅಡಿಗೆಮನೆಯಲ್ಲಿ ಕೂರಿಸಿದಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ನಾನು ಹೇಳಿದೆ. ತಮ್ಮ ಎದ್ದು ನಿಂತು, ದೊಡ್ಡವರ ಮುಂದೆ ನಿಲ್ಲುವ ಹಾಗೆ ಕೈ ಕಟ್ಟಿ, "ನೀನು ನಿಜ ಹೇಳಿದ್ದೆ. ನಾನು ನಿನಗೇ ಕ್ಷಮೆ ಕೇಳು ಅಂತ ಹೇಳಿದೆ. ತಪ್ಪು ನಂದು" ಎಂದ.

"ಐ ನೋ ಅಂಕಲ್" ಎಂದಳು. "ಐ ಡ್ರಿಂಕ್ ಇಟ್ ಎವ್ರಿ ಡೇ, ಆಂಟಿ. ಹೌ ವುಡ್ ಐ ನಾಟ್ ನೋ?" ಎಂದು ನನ್ನನ್ನು ಕೇಳಿದಳು. ಅದರಲ್ಲಿ ಸಿಟ್ಟಿಗಿಂತ ಬೇಸರ ಇತ್ತು. ಮೂರು ವರ್ಷ ಒಬ್ಬರೂ ಕೇಳದ ಸರಳ ಪ್ರಶ್ನೆ.

ಬಂದವರಿಗೆ ಏನಾದರೂ ಕೊಡಬೇಕೆಂದು ಅಪ್ಪ ಅಮ್ಮ ಕಲಿಸಿದ್ದರಲ್ಲ, ಕಪಾಟು ತೆರೆದಳು. ಹಾಲು ಮುಗಿದಿತ್ತು, ಚಹಾ ಇಲ್ಲ. ಇದ್ದದ್ದು ಅದೊಂದೇ ಬಾಟಲಿ. ಅವಳಿಗೇ ನಗು ಬಂತು. ಮೂರು ಬೇರೆಬೇರೆ ಮಗ್ಗುಗಳಲ್ಲಿ ಬೆರೆಸಿ ಕೊಟ್ಟಳು. ತಮ್ಮ ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡ. ನುಂಗಿದ.

"ಇದೇನಾ?"

"ಇದೇ" ಎಂದೆ. "ಅವತ್ತು ಇನ್ನೂ ಸ್ವಲ್ಪ ಗಟ್ಟಿ ಇತ್ತು."

ಪೂರ್ತಿ ಕುಡಿದು ಮಗ್ಗು ತಾನೇ ತೊಳೆದಿಟ್ಟ.

ಗೋಡೆಯ ಪುಟಕ್ಕೆ ತಮ್ಮ ನಡೆದದ್ದನ್ನು ನಡೆದ ಹಾಗೆ ಬರೆದ, ಒಂದಕ್ಕೆ ಎರಡು ನೀರು ಎಂಬುದನ್ನೂ ಸೇರಿಸಿ. ನಾನು ಸಭೆಯಲ್ಲಿ ಎದ್ದು ನಿಂತು ಅದನ್ನು ಓದಿದೆ. ಹಿರಿಯರು ಗಂಟಲು ಸರಿಮಾಡಿಕೊಂಡರು. "ಇದನ್ನೆಲ್ಲ ಗೋಡೆಗೆ ಹಾಕುವುದಾ ಮಾರಾಯ್ರೆ? ಕೆಲವು ಅಭಿಪ್ರಾಯಭೇದ ಅಂತ ಬರೆದ್ರೆ ಸಾಕು" ಎಂದರು. ಪೂರ್ವ ಪಶ್ಚಿಮದ ಹಿರಿಯರೂ ಹೀಗೇ ಅಂದಿರಬೇಕು. ತಮ್ಮ ಬದಲಾಯಿಸಲು ಒಪ್ಪಲಿಲ್ಲ. ಹಾಗಾಗಿ ಚರ್ಚಿನ ಗೋಡೆಯಲ್ಲಿ ಪುಟಾಣಿಗಳ ಗುಂಪಿನ ಫೋಟೋದ ಪಕ್ಕ ಒಂದು ಮೊಳೆ ಖಾಲಿ ಇದೆ.

ಅವನು ನನ್ನನ್ನು ಕ್ಷಮಿಸಿದ್ದೇನೆ ಎಂದು ಹೇಳಿಲ್ಲ, ನಾನು ಕೇಳಿಲ್ಲ. ಆದರೆ ಕರ್ತನ ಭೋಜನದ ಹಿಂದಿನ ದಿನ, ಶನಿವಾರ ನಾಲ್ಕು ಗಂಟೆಗೆ ಸರಿಯಾಗಿ ಬೆಲ್ ಹೊಡೆಯುತ್ತಾನೆ. ಮೊದಲ ಸಲ ಬಂದಾಗ ಒಲೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತು, "ನಂಬಿಕೆ ಇಲ್ಲ ಅಂತಲ್ಲ ಅಕ್ಕ, ಸುಮ್ನೆ ನೋಡ್ಲಿಕ್ಕೆ ಬಂದದ್ದು" ಎಂದ. ಕುದಿಯುವುದರಿಂದ ಸೋಸುವವರೆಗೆ ಕದಲುವುದಿಲ್ಲ. ಚಮಚದಲ್ಲಿ ರುಚಿ ನೋಡುತ್ತಾನೆ. ಎರಡು ಸಲ ನೋಡುತ್ತಾನೆ.

ಕಳೆದ ತಿಂಗಳು ನೋಟ್ ಪುಸ್ತಕ ತಂದಿದ್ದ. ನಾಲ್ಕನೆಯ ವಾರದ ಪುಟ ತೆರೆದು, "ಆ ರೊಟ್ಟಿಯ ವಿಷಯ. ಅವತ್ತು ನೀನು ಎಂತದೋ ಹೇಳ್ಲಿಕ್ಕೆ ಹೊರಟಿದ್ದೆ. ಎಂತ ಅದು?" ಎಂದ.

"ಚಳಿಗೆ ಹಿಟ್ಟು ಉಬ್ಬುವುದಿಲ್ಲ ಮಾರಾಯ" ಎಂದೆ. "ನಮ್ಮ ಕೇರ್ ಹೋಮಿನಲ್ಲಿ ಜನವರಿಯಲ್ಲಿ ಕೇಳು ಬೇಕಾದ್ರೆ. ಪಶ್ಚಿಮದಲ್ಲಿ ಯಾವಳೋ ಒಬ್ಬಳದ್ದು ಉಬ್ಬಲಿಲ್ಲ, ಹಾಗೇ ಕಳಿಸಿದಳು. ಕೇಳಿದವರಿಗೆ, ಹೀಗೇ ಇರಬೇಕಾದದ್ದು ಅಂದಳು. ಆಮೇಲೆ ಪಾದ್ರಿಗಳು ಅದಕ್ಕೆ ಕಾರಣ ಹುಡುಕಿದ್ರು."

"ಹಾಗಲ್ಲ ಅಕ್ಕ" ಎಂದು ಅವನು ಕನ್ನಡಕ ಮೇಲೆ ಸರಿಸಿದ. "ಮೂಲದಲ್ಲಿ ಅದು ಯೆಹೂದ್ಯರ ಪಸ್ಕ ಹಬ್ಬದ ಹುಳಿಯಿಲ್ಲದ ರೊಟ್ಟಿಯ ಪ್ರಶ್ನೆ..."

ರಸ ಉಕ್ಕಿ ಬಂತು. "ಮೊದಲು ಉರಿ ಸಣ್ಣ ಮಾಡು" ಎಂದೆ.

ಮಾಡಿದ.